ಹನ್ನೊಂದು ಗೂಟ

ಸ್ಕೌಟ್ ಮಾಸ್ತರು ಜೀವರತ್ನಂ ಎಣಿಸಿ ಕೊಟ್ಟರು:
ಹಸಿರು ಕ್ಯಾನ್ವಾಸು ಒಂದು, ಕಂಬ ಎರಡು, ಗೂಟ ಹನ್ನೊಂದು.
ಹನ್ನೆರಡನೆಯದು ಎಂಬತ್ತೊಂಬತ್ತರಲ್ಲೇ ಹೋಯಿತಂತೆ
ಯಾವುದೋ ಜಾಂಬೂರಿಯಲ್ಲಿ.
ಅದರ ಬೇಜಾರು ಇನ್ನೂ ಅವರ ಮುಖದಲ್ಲಿತ್ತು.

ಭದ್ರಾವತಿಯ ಕ್ವಾರ್ಟರ್ಸಿನ ಗೋಡೆ ಏಪ್ರಿಲ್ ತಿಂಗಳು
ನಡುರಾತ್ರಿಗೂ ಆರುವುದಿಲ್ಲ.
"ಈ ಸಲ ಬೆಟ್ಟದಲ್ಲಿ ಮಲಗೋದು" ಎಂದಳು ತಾರಿಣಿ,
ಒಂಬತ್ತು ವರ್ಷದವಳ ತೀರ್ಪು, ಮೇಲ್ಮನವಿ ಇಲ್ಲ.
ಓಮ್ನಿಯ ಹಿಂದಿನ ಸೀಟು ಕಳಚಿ
ಗುಡಾರವನ್ನು ಬಾಣಂತಿಯ ಹಾಗೆ ಮಲಗಿಸಿದೆವು.

ಮೊದಲ ರಾತ್ರಿ ರಿಪ್ಪನ್‌ಪೇಟೆ, ಕೆರಿಯತ್ತೆಯ ಅಂಗಳ.
ಒಂದು ಗೂಟ ಹೊಡೆದಿದ್ದೆ, ಅಷ್ಟೆ.
"ಎಂತದಾ ಅದು?"
ಹೇಳಿದೆ.
"ನಾನೇನು ಸತ್ತಿದೀನಾ, ನನ್ನ ಬಾಗಿಲಲ್ಲಿ
ಸರ್ಕಸ್ಸಿನವರ ಹಾಗೆ ಬಿದ್ಕೊಳ್ಳೋಕೆ?"
ತಾನೇ ಗೂಟ ಕಿತ್ತು, ಸೆರಗಿನಲ್ಲಿ ಮಣ್ಣು ಒರೆಸಿ
ಕೈಗೆ ಕೊಟ್ಟಳು.
ಇದ್ದ ಒಂದು ಫ್ಯಾನನ್ನೂ ರಾತ್ರಿಯಿಡೀ ನಮ್ಮ ಕಡೆ ತಿರುಗಿಸಿದ್ದಳು.
ಬೆಳಿಗ್ಗೆ ಗುಡಾರದ ಪಕ್ಕ ಅಪ್ಪೆಮಿಡಿಯ ಭರಣಿ ಕೂತಿತು.

ಎರಡನೆಯದು ಕೊಡಚಾದ್ರಿಯ ಬುಡ.
ನಿಟ್ಟೂರು ದಾಟಿ ಹುಲ್ಲು ನೋಡಿ ಗಾಡಿ ನಿಲ್ಲಿಸಿದ್ದೇ ತಡ
ಗಾರ್ಡಿನ ಟಾರ್ಚು: "ಪರ್ಮಿಟ್ ಎಲ್ಲಿ?"
ಬೆಳಕು ನನ್ನ ಮೇಲಿಂದ ಹೊರಟು
ಹೆಂಡತಿಯ ಮುಖದ ಮೇಲೆ ಬಂದು ಅನುಮಾನಿಸಿ ನಿಂತಿತು.
"ನೀನು ಸುಬ್ರಾಯಣ್ಣನ ಮಗಳು ಲೋಲಾಕ್ಷಿ ಅಲ್ವಾ?"
ಮುಗಿಯಿತು.
ಅವನ ಕೋಳಿ, ಅವನ ಅನ್ನ, ಅವನ ಮಂಚ.
ಅವನು ಮಾತ್ರ ಹೊರಗೆ ಜೀಪಿನಲ್ಲಿ ಕಾಲು ಮಡಚಿ ಮಲಗಿದ.
ಬೆಟ್ಟದ ನಕ್ಷತ್ರಗಳನ್ನು ತಾರಿಣಿ
ಕಿಟಕಿಯ ಸರಳುಗಳ ನಡುವೆ ಎಣಿಸಿದಳು. ಹದಿನಾರು.

ತುಮರಿಯ ಷಡ್ಡಕ ಗಾಮಪ್ಪನಿಗೆ ಸುದ್ದಿ ಮೊದಲೇ ಮುಟ್ಟಿತ್ತು.
ಮಾತಿಲ್ಲ ಕತೆಯಿಲ್ಲ, ಗುಡಾರ ಹೊತ್ತು ಅಟ್ಟಕ್ಕೆ ಹಾಕಿ
ಏಣಿ ತೆಗೆದುಬಿಟ್ಟ.
ಹೊರಡುವಾಗ ಇಳಿಸಿಕೊಟ್ಟ, ಮೇಲೊಂದು ಹಲಸಿನಹಣ್ಣು ಹೇರಿ.

ಲಾಂಚಿನಲ್ಲಿ ತಾರಿಣಿ ನಮ್ಮ ಜೊತೆ ಮಾತು ಬಿಟ್ಟಳು.
ಹಿನ್ನೀರು ಇಳಿದು ದಡದ ಕೆಂಪು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು,
ಸೇತುವೆ ಇನ್ನೂ ಬರೀ ಕಂಬ.
"ಅದಕ್ಕೂ ಬಟ್ಟೆ ಹಾಕಿಲ್ಲ" ಎಂದಳು, ನೀರಿಗೆ.

ಕಾರ್ಗಲ್ಲಿನಲ್ಲಿ ಇಸ್ಮಾಯಿಲ್.
ಹನ್ನೊಂದು ವರ್ಷ ಒಂದೇ ಪಾಳಿ, ಒಂದೇ ಕುಲುಮೆ,
ಒಂದೇ ಬುತ್ತಿಯ ಎರಡು ಮುಚ್ಚಳ.
ಕಂಟ್ರಾಕ್ಟು ಹೋದಮೇಲೆ ಇಲ್ಲಿ ಪಂಕ್ಚರ್ ಅಂಗಡಿ.
ಎರಡು ಕೋಣೆಯ ಮನೆ; ಮಗಳ ಹೆರಿಗೆ,
ಭಟ್ಕಳದಿಂದ ಬೀಗರು, ಬೀಗರ ಮಕ್ಕಳು, ಹೊಸಿಲ ತನಕ ಚಪ್ಪಲಿ.
ನಮ್ಮನ್ನು ನೋಡಿ ಬಾಗಿಲಿಗೆ ಅಡ್ಡ ನಿಂತ.
ಕಬ್ಬಿಣ ಕರಗುವಾಗಲೂ ಅವನು ಹಾಗೆ ಬೆವರಿದ್ದು ನಾನು ಕಂಡಿಲ್ಲ.
"ಮಾರಾಯ, ಹೇಗೆ ಹೇಳಲಿ, ಇವತ್ತು ಕಾಲಿಡೋಕೂ..."

"ನಮ್ಮ ಹತ್ರ ಮನೆ ಇದೆ!"
ತಾರಿಣಿ ಆಗಲೇ ಹಲಸಿನಹಣ್ಣು ಉರುಳಿಸಿದ್ದಳು.

ಅಂಗಡಿಯ ಹಿಂದಿನ ಜಂಬಿಟ್ಟಿಗೆ ನೆಲ, ಗೂಟ ಇಳಿಯಲೊಲ್ಲದು.
ಹನ್ನೊಂದು ಹೊಡೆದೆವು, ಹಳೆಯ ಪಾಳಿಯ ತಾಳದಲ್ಲಿ,
ಒಬ್ಬ ಹಿಡಿದು ಒಬ್ಬ ಬಡಿದು.
ಒಂದು ಮೂಲೆ ಮಾತ್ರ ಸೋತ ಕಿವಿಯಂತೆ ಜೋತಿತ್ತು.
ಅವನು ಒಳಗೆ ಹೋಗಿ ಟೈರು ಬಿಚ್ಚುವ ಲಿವರ್ ತಂದು ಜಡಿದ.

ಹತ್ತು ಗಂಟೆಗೆ ಅವನ ತಾಯಿ ಹಲೀಮಾಬಿ ಬಂದರು,
ಕೂಸಿನ ಅಳು ತಡೆಯಲಾರದೆ, ದಿಂಬಿನ ಸಮೇತ:
"ಸ್ವಲ್ಪ ಜರುಗು ಮಗಾ."
ಆಮೇಲೆ ಬೀಗರ ಮಕ್ಕಳು. ಆಮೇಲೆ ಬೀಗರೇ.
ನಡುರಾತ್ರಿ ಎಣಿಸಿದರೆ ಒಳಗೆ ಹತ್ತು ಜನ,
ನಾನೂ ಇಸ್ಮಾಯಿಲನೂ ಹೊರಗೆ,
ಕಾಲು ಮಾತ್ರ ಕ್ಯಾನ್ವಾಸಿನೊಳಗೆ, ಬೀಡಿ ಹಂಚಿಕೊಂಡು.
ಜೋಗದ ಸದ್ದು ಕೇಳುತ್ತಾ ಎಂದೆ.
ಬೇಸಿಗೆಯಲ್ಲಿ ಎಲ್ಲಿ ಬರಬೇಕು, ಎಂದ.
ಆದರೂ ಇಬ್ಬರೂ ಕಿವಿಗೊಟ್ಟೆವು.

ಭದ್ರಾವತಿಯಲ್ಲಿ ಜೀವರತ್ನಂ ಎಣಿಸಿದರು.
ಕನ್ನಡಕ ತೆಗೆದು, ಒರೆಸಿ, ಇನ್ನೊಮ್ಮೆ ಎಣಿಸಿದರು.
ಹನ್ನೆರಡು.
ಏನೂ ಕೇಳದೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ಇಸ್ಮಾಯಿಲನ ಫೋನು:
"ನನ್ನ ಲಿವರ್ ಎಲ್ಲಿ ಮಾರಾಯ? ಲಾರಿಯವನು ಕಾಯ್ತಿದಾನೆ."